ಪೇರಳೆ ಎಲೆ ಸಿಕ್ಕಿಸಿ ಬಂದ ಸಂತೆ

ನಮ್ಮ ಸ್ಟೇಷನ್ ಮೂರು ದಿನ ಸತ್ತು ಬಿದ್ದಿತ್ತು. ಅದು ನಮಗೆ ಗೊತ್ತಾದದ್ದು ನಾಲ್ಕನೆಯ ದಿನ ಬೆಳಿಗ್ಗೆ, ಅದೂ ಒಂದು ದನದಿಂದ. ಕೇಳುವವರು ಯಾರೂ ಬಂದು ಹೇಳಿದ್ದಲ್ಲ. ಮೊದಲಾದರೆ ಒಂದು ಸಂಜೆ ತಪ್ಪಿದರೂ ಮರುದಿನ ಬೆಳಿಗ್ಗೆ ಅರಂತೋಡಿನಿಂದ ಸೈಕಲ್ ತುಳಿದುಕೊಂಡು ಬಂದು, "ನಿನ್ನೆ ಎಂತ ಆದ್ದು ನಿಮಗೆ?" ಎಂದು ಬಾಗಿಲಲ್ಲಿ ನಿಂತು ಜೋರು ಮಾಡುವವರಿದ್ದರು. ಈ ಸಲ ಮೂರು ಸಂಜೆ ತಪ್ಪಿದರೂ ಒಂದು ಸೈಕಲ್ ಬರಲಿಲ್ಲ.

ಸ್ಟೇಷನ್ ಎಂದರೆ ದೊಡ್ಡ ಕಟ್ಟಡ ಎಂದು ತಿಳಿಯಬೇಡಿ. ಸುಳ್ಯ ಪೇಟೆಯ ಕೊನೆಯಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ಒಂದು ಮರದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ನಾಲ್ಕು ವಾಲ್ವು, ಪಕ್ಕದಲ್ಲಿ ಕೀಲಿ ತಿರುಗಿಸುವ ಗ್ರಾಮಫೋನು, ಒಂದು ಮೈಕು. ಅಂಗಡಿಯ ಹಿಂದೆ ಗುಡ್ಡೆ. ಗುಡ್ಡೆಯ ಬೂರುಗದ ಮರದಿಂದ ಒಂದು ಎತ್ತರದ ಕಂಬಕ್ಕೆ ತಾಮ್ರದ ತಂತಿ ಕಟ್ಟಿತ್ತು. ಇಷ್ಟೇ. ಇದನ್ನೆಲ್ಲ ಮಾಡಿದವರು ಅಂಗಡಿಯ ಮೇಸ್ತ್ರಿ. ಯುದ್ಧದ ಕಾಲದಲ್ಲಿ ಮಿಲಿಟರಿಯಲ್ಲಿ ವಯರ್‌ಲೆಸ್ ಕೆಲಸ ಕಲಿತು ಬಂದವರು. ಸರಕಾರಿ ಸ್ಟೇಷನ್ನಿನಿಂದ ಸೂಜಿಯನ್ನು ಎರಡು ಬೆರಳಿನಷ್ಟು ಎಡಕ್ಕೆ ತಿರುಗಿಸಿದರೆ ನಾವು ಸಿಗುತ್ತಿದ್ದೆವು. ಸಂಜೆ ಆರರಿಂದ ಏಳು. ಪುತ್ತೂರು ಮಂಗಳೂರಿನ ಅಡಿಕೆ ಧಾರಣೆ, ಮಡಿಕೇರಿ ಬಸ್ಸು ಬಂತೋ ಇಲ್ಲವೋ, ಯಾರ ಎಮ್ಮೆ ಕಾಣೆಯಾಯಿತು, ಯಾರ ಮಗಳು ಹೆತ್ತಳು, ನಡುವೆ ನಾಲ್ಕು ಹಾಡು. ಪರವಾನಗಿ ಇತ್ತಾ ಎಂದು ಕೇಳಬೇಡಿ. ಇರಲಿಲ್ಲ.

ನಾನು ಅಲ್ಲಿಗೆ ಬಂದದ್ದು ಬೀಡಿಯಿಂದ. ಗಂಡ ಘಟ್ಟ ಹತ್ತಿ ಹೋದವನು ತಿರುಗಿ ಬರಲಿಲ್ಲ, ಆ ವಿಷಯ ಅಲ್ಲಿಗೆ ಬಿಡುವ. ಒಬ್ಬಳು ಮಗಳಿದ್ದಳು. ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಗೊತ್ತಿದ್ದ ಕೆಲಸ ಬೀಡಿ ಕಟ್ಟುವುದೊಂದೇ. ಬೆಳಗಾದರೆ ಮಡಿಲಲ್ಲಿ ಮೊರ, ಮೊರದಲ್ಲಿ ಹೊಗೆಸೊಪ್ಪು, ಕತ್ತಲಾಗುವವರೆಗೆ ಬಗ್ಗಿದ ಬೆನ್ನು. ಸೊಪ್ಪಿನ ಹುಡಿ ಎದೆಗೆ ಇಳಿದು ಕೆಮ್ಮು ಹಿಡಿದಿತ್ತು. ಮೇಸ್ತ್ರಿ ಒಂದು ದಿನ ಬೀಡಿ ಡಿಪ್ಪೋದ ಜಗಲಿಯಲ್ಲಿ ನಿಂತು ನನ್ನ ಕೈ ನೋಡಿದರು. ಮುಖ ನೋಡಲಿಲ್ಲ, ಕೈ ಮಾತ್ರ. "ತಂತಿ ಸುತ್ಲಿಕ್ಕೆ ಬರ್ತೀಯಾ?" ಎಂದು ಕೇಳಿದರು. ಹೋದೆ. ಒಣಗಿದ ಬಿದಿರಿನ ಕೊಳವೆಗೆ ಮೇಣ ಸವರಿ, ನೂಲು ಹೊದ್ದ ತಾಮ್ರದ ತಂತಿಯನ್ನು ಒಂದರ ಪಕ್ಕ ಒಂದು ಸುತ್ತುವುದು. ಎಂಬತ್ತೆಂಟು ಸುತ್ತು ಎಂದರೆ ಎಂಬತ್ತೆಂಟು. ಒಂದು ಕಡಿಮೆಯಾದರೆ ಸ್ಟೇಷನ್ ಜಾಗ ಬಿಟ್ಟು ಜಾರುತ್ತದೆ. ಎಣಿಸುವುದು ನನಗೆ ಬೀಡಿಯಿಂದಲೇ ಬಂದದ್ದು, ಬಾಯಲ್ಲಿ ಮಾತಾಡುತ್ತಿದ್ದರೂ ಬೆರಳು ಲೆಕ್ಕ ತಪ್ಪುವುದಿಲ್ಲ.

ಆಮೇಲೆ ಮೈಕಿನ ಮುಂದೆಯೂ ಕೂತೆ. ಮೇಸ್ತ್ರಿಗೆ ಗಂಟಲು ಕಟ್ಟಿದ ಒಂದು ಸಂಜೆ, "ನೀನೇ ಎಂತಾದ್ರೂ ಹೇಳು" ಎಂದು ನನ್ನನ್ನು ಕೂರಿಸಿದರು. ನಮಸ್ಕಾರ ಗಿಮಸ್ಕಾರ ನನಗೆ ಬಾಯಿಗೆ ಬರಲಿಲ್ಲ. ಬೇಲಿಯಾಚೆಯ ಮನೆಯವಳನ್ನು ಕರೆಯುವ ಹಾಗೆ ಕರೆದೆ: "ಸುಳ್ಯದಿಂದ ಮಾತಾಡುದು. ಒಲೆ ಮೇಲೆ ಇಟ್ಟದ್ದು ಇಳಿಸಿ ಬನ್ನಿ." ಅದೇ ಉಳಿದುಬಿಟ್ಟಿತು. ದಿನವೂ ಅದನ್ನೇ ಹೇಳಬೇಕಾಯಿತು. ಊರಿನಲ್ಲಿ ರೇಡಿಯೋ ಇದ್ದದ್ದು ಬೆರಳೆಣಿಕೆಯ ಕಡೆ, ಆದರೆ ಒಂದೊಂದು ರೇಡಿಯೋದ ಮುಂದೆ ನಲವತ್ತು ಜನ ಕೂರುತ್ತಿದ್ದರು. ಪೆರಾಬೆಯಿಂದಲೂ ಒಬ್ಬರು ಕಾರ್ಡು ಬರೆದಿದ್ದರು.

ಇನ್ನು ದನದ ವಿಷಯ. ಪೆಟ್ಟಿಗೆಯಿಂದ ಒಂದು ತಂತಿ ಮೇಲೆ ಹೋಗುವ ಹಾಗೆ ಇನ್ನೊಂದು ತಂತಿ ನೆಲಕ್ಕೆ ಹೋಗಬೇಕು. ಅಂಗಡಿಯ ಹಿಂದೆ ಗುಂಡಿ ತೋಡಿ, ತಾಮ್ರದ ಕೊಳವೆ ಹುಗಿದು, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿಸಿದ್ದರು. ಗುಂಡಿ ಯಾವಾಗಲೂ ಒದ್ದೆ ಇರಬೇಕು. ದಿನ ಬೆಳಿಗ್ಗೆ ಎರಡು ಕೊಡ ನೀರು ಹೊಯ್ಯುವುದು ನನ್ನ ಕೆಲಸ. ಆ ಸಲ ನನಗೆ ಜ್ವರ ಬಂದು ಮೂರು ದಿನ ಹೋಗಲಿಲ್ಲ. ನಾಲ್ಕನೆಯ ದಿನ ಕೊಡ ಹಿಡಿದುಕೊಂಡು ಹೋಗಿ ನೋಡುತ್ತೇನೆ, ಒಂದು ದನ ಗುಂಡಿಗೆ ಮುಖ ಹಾಕಿ ಉಪ್ಪಿನ ಮಣ್ಣು ನೆಕ್ಕುತ್ತಾ ನಿಂತಿದೆ! ಗೊರಸಿನಲ್ಲಿ ಕೆರೆದು ಕೆರೆದು ತಂತಿ ತುಂಡು ಮಾಡಿ ಹಾಕಿದೆ. ಸಂಜೆ ಪೆಟ್ಟಿಗೆಯ ದೀಪ ಉರಿಯುತ್ತಲೇ ಇತ್ತು, ಅಂಗಡಿಯೊಳಗಿನ ರೇಡಿಯೋದಲ್ಲಿ ದನಿಯೂ ಬರುತ್ತಿತ್ತು. ಹಾಗಾಗಿ ಮೇಸ್ತ್ರಿಗೆ ಅನುಮಾನ ಬರಲಿಲ್ಲ. ಮೂರು ಸಂಜೆ ಅವರು ಮಾತಾಡಿದ್ದು ಅಂಗಡಿಯ ಗೋಡೆ ದಾಟಿರಲಿಲ್ಲ. ದನವನ್ನು ಅಟ್ಟಿದೆ, ಎರಡು ಏಟು ಕೂಡ ಕೊಟ್ಟೆ. ಆದರೆ ತಪ್ಪು ದನದ್ದಲ್ಲ, ಬೇಲಿ ಹಾಕದ ನನ್ನದು.

ಆವತ್ತೇ ಮಧ್ಯಾಹ್ನ ಸಾಹುಕಾರರು ಬಂದರು. ಅಡಿಕೆ, ಕಾಳುಮೆಣಸಿನ ವ್ಯಾಪಾರದ ಬ್ಯಾರಿಗಳು. ನಮ್ಮ ಪೆಟ್ಟಿಗೆಗೆ ಕರೆಂಟು ಬರುತ್ತಿದ್ದದ್ದು ಅವರ ಅಕ್ಕಿ ಮಿಲ್ಲಿನ ಎಂಜಿನ್ನಿನಿಂದ. ಸಂಜೆ ಒಂದು ಗಂಟೆ ಹೊತ್ತು ಎಂಜಿನ್ನಿನ ಬೆಲ್ಟನ್ನು ನಮ್ಮ ಡೈನಮೋಗೆ ಹಾಕಿಕೊಡುತ್ತಿದ್ದರು, ನಾವು ಅವರ ಅಂಗಡಿಯ ಧಾರಣೆಯನ್ನು ಮೊದಲು ಹೇಳುತ್ತಿದ್ದೆವು.

"ಎಂತ ಮೇಸ್ತ್ರಿಗಳೇ, ನಿಮ್ಮ ಪೆಟ್ಟಿಗೆ ಮೂರು ದಿನ ಸುಮ್ಮನಿತ್ತಂತೆ?"

"ನೆಲದ ತಂತಿ ಕಡಿದಿತ್ತು ಸಾಹುಕಾರ್ರೇ. ಒಂದು ದನ..."

"ದನದ ಕಥೆ ಬೇಡ. ಮೂರು ದಿನ ನನ್ನ ಧಾರಣೆ ಹೋಗ್ಲಿಲ್ಲ. ಒಬ್ಬನಾದ್ರೂ ಬಂದು, 'ಎಂತ ಸಾಹುಕಾರ್ರೇ, ಧಾರಣೆ ಹೇಳ್ಲಿಲ್ಲ' ಅಂತ ಕೇಳಿದ್ದುಂಟಾ? ಇಲ್ಲ! ಮತ್ತೆ ನಾನು ಎಂಜಿನ್ ಓಡಿಸುದು ಯಾರಿಗೆ? ಆ ದನಕ್ಕಾ?"

ಸಂಜೆಯ ಹೊತ್ತಿಗೆ ಆ ಬೆಲ್ಟು ಎಣ್ಣೆ ಗಾಣಕ್ಕೆ ಬೇಕು ಎಂದರು. ಮೇಸ್ತ್ರಿ ಕೈ ಮುಗಿದರು. ನನಗೆ ಆಗ ಕಣ್ಣ ಮುಂದೆ ಬಂದದ್ದು ಆ ಮೊರ. ಸ್ಟೇಷನ್ ನಿಂತರೆ ಅಂಗಡಿಯಲ್ಲಿ ನನಗೆ ಕೆಲಸವಿಲ್ಲ, ಮತ್ತೆ ಹೊಗೆಸೊಪ್ಪು, ಮತ್ತೆ ಕೆಮ್ಮು. ಬಾಯಿ ಹಾಕಿದೆ.

"ಕೇಳುವವರು ಇದ್ದಾರೆ ಸಾಹುಕಾರ್ರೇ. ಬಂದು ಹೇಳುದಿಲ್ಲ ಅಷ್ಟೇ."

"ಇದ್ದರೆ ತೋರಿಸು ಮಾರಾಯ್ತಿ. ನೂರು ಜನ. ಇವತ್ತಿಗೆ ಮೂರನೇ ಸಂತೆಗೆ ನನ್ನ ಜಗಲಿಯಲ್ಲಿ ಕೂತು ನಾನು ಕಣ್ಣಲ್ಲಿ ನೋಡಬೇಕು. ನೂರು ಕಂಡರೆ ಎಂಜಿನ್ ಉಂಟು. ಇಲ್ಲದಿದ್ದರೆ ಗಾಣ."

ಮೂರು ವಾರ. ಮೇಸ್ತ್ರಿಗೆ ಮೊದಲು ಹೊಳೆದದ್ದು ಗಂಡಸರಿಗೆ ಹೊಳೆಯುವಂಥದ್ದೇ, ಜೋರು ಮಾಡುವುದು. ಡೈನಮೋಗೆ ಸಣ್ಣ ಗಾಲಿ ಹಾಕಿ ವೇಗ ಹೆಚ್ಚಿಸಿದರು. ವಾಲ್ವಿನ ಒಳಗಿನ ತಗಡು ಕೆಂಡದ ಹಾಗೆ ಕೆಂಪಾಯಿತು. "ನೋಡು ನೋಡು, ಈಗ ಕಡಬಕ್ಕೆ ಮುಟ್ಟುತ್ತದೆ!" ಎಂದು ಅವರು ಹೇಳಿ ಮುಗಿಸುವುದರೊಳಗೆ ಟಪ್ಪೆಂದಿತು. ಹೋಯಿತು. ಬದಲಿಗೆಂದು ಇಟ್ಟದ್ದು ಒಂದೇ ಒಂದು ವಾಲ್ವು. ಅದನ್ನು ಹಾಕಿ, ಹಳೆಯ ಗಾಲಿ ಹಾಕಿ, ಬಾಯಿ ಮುಚ್ಚಿ ಕೂತೆವು.

"ಇಲ್ಲಿ ಕೂತರೆ ಎಂತ ಗೊತ್ತಾಗ್ತದೆ? ಕೇಳುವ ಕಡೆ ಹೋಗಿ ನೋಡಬೇಕು" ಎಂದು ನಾನು ಮರುದಿನ ಸಂಜೆ ಅರಂತೋಡಿಗೆ ಬಸ್ಸು ಹತ್ತಿದೆ. ಆವತ್ತು ಮೈಕಿನಲ್ಲಿ ಮೇಸ್ತ್ರಿ. ಅರಂತೋಡಿನ ರಸ್ತೆ ಬದಿಯ ಚಾ ಹೋಟೆಲಿನಲ್ಲಿ ಮೊದಲು ದೊಡ್ಡ ರೇಡಿಯೋ ಇತ್ತು. ಈಗ ನೋಡಿದರೆ ಗಲ್ಲೆಯ ಮೇಲೆ ಅಂಗೈಯಗಲದ ಟ್ರಾನ್ಸಿಸ್ಟರ್, ಚರ್ಮದ ಅಂಗಿ ಹಾಕಿಕೊಂಡು ಕೂತಿತ್ತು. ಬೊಂಬಾಯಿಯ ಹೋಟೆಲಿನಲ್ಲಿದ್ದ ಭಾವ ತಂದುಕೊಟ್ಟದ್ದಂತೆ.

"ನಮ್ಮ ಸ್ಟೇಷನ್ ಹಾಕಿ" ಎಂದೆ.

ಹೋಟೆಲಿನವರು ನನ್ನ ಮುಖ ನೋಡಿದರು. "ಅದು ನಿಂತು ಒಂದು ವರ್ಷ ಆಯ್ತಲ್ಲಕ್ಕಾ?"

ಸೂಜಿ ತಿರುಗಿಸಿದರು. ಬರೀ ಸೂಂ ಎನ್ನುವ ಸದ್ದು. ನನಗೆ ಸಿಟ್ಟು ಬಂತು. ಅಲ್ಲೇ ಹತ್ತಿರದ ಮೇಷ್ಟರ ಮನೆಯಲ್ಲಿ ಹಳೆಯ ದೊಡ್ಡ ರೇಡಿಯೋ ಇದ್ದದ್ದು ನನಗೆ ಗೊತ್ತಿತ್ತು. ಹೋಟೆಲಿನವರ ಕೈಯಿಂದ ಟ್ರಾನ್ಸಿಸ್ಟರನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡು ಅಲ್ಲಿಗೆ ಓಡಿದೆ. ಅವರು ಹಿಂದಿನಿಂದ "ಏ ಏ, ಬಿದ್ದೀತು ಮಾರಾಯ್ತಿ!" ಎನ್ನುತ್ತಾ ಓಡಿ ಬಂದರು. ಮೇಷ್ಟರ ಮನೆಯ ದೊಡ್ಡ ರೇಡಿಯೋ ಹಾಕಿದರೆ ನಮ್ಮ ಮೇಸ್ತ್ರಿ ಖಣಖಣ ಮಾತಾಡುತ್ತಿದ್ದಾರೆ, ಪುತ್ತೂರಿನ ಧಾರಣೆ! ಪಕ್ಕದಲ್ಲೇ ಟ್ರಾನ್ಸಿಸ್ಟರ್, ಸೂಜಿ ಅದೇ ಜಾಗದಲ್ಲಿ, ಸೂಂ. ಒಂದು ಕಿವಿಗೆ ಸ್ಟೇಷನ್ ಜೀವಂತ, ಇನ್ನೊಂದು ಕಿವಿಗೆ ಸತ್ತದ್ದು. ನಾನು ಎರಡರ ನಡುವೆ ತಲೆ ಇಟ್ಟು ಕೂತುಬಿಟ್ಟೆ.

ಬಂದು ಹೇಳಿದಾಗ ಮೇಸ್ತ್ರಿ ಹಣೆ ಬಡಿದುಕೊಂಡರು. "ನಾನೊಬ್ಬ ಬೋದಾಳ! ದೊಡ್ಡ ರೇಡಿಯೋಗೆ ಮನೆಯ ಮಾಡಿನ ಮೇಲೆ ಉದ್ದದ ತಂತಿ ಉಂಟು. ಇದಕ್ಕೆ ತಂತಿ ಎಲ್ಲುಂಟು? ಹೊಟ್ಟೆಯೊಳಗೆ ಒಂದು ಕಪ್ಪು ಕಡ್ಡಿ ಮಾತ್ರ. ದೊಡ್ಡ ಸ್ಟೇಷನ್ನಿನವರು ಅದಕ್ಕೆ ಸಿಗ್ತಾರೆ. ನಾವು ಸಿಗುದಿಲ್ಲ." ರೇಡಿಯೋ ಕಡಿಮೆ ಇದ್ದಾಗ ಊರೆಲ್ಲ ನಮ್ಮನ್ನು ಕೇಳಿದ್ದು, ಮನೆಮನೆಗೆ ರೇಡಿಯೋ ಬರುತ್ತಾ ಬರುತ್ತಾ ನಾವು ಇಲ್ಲದೆ ಹೋದದ್ದು. ನನಗೆ ಅದು ಆವತ್ತು ಅರ್ಥವಾಯಿತು.

ಅವರೇ ಉಪಾಯವನ್ನೂ ಹೇಳಿದರು. ಟ್ರಾನ್ಸಿಸ್ಟರಿನ ಮೈಗೆ ಹೊರಗಿನಿಂದಲೇ ಹತ್ತು ಸುತ್ತು ತಂತಿ ಸುತ್ತುವುದು. ಒಂದು ತುದಿಯನ್ನು ಎಳೆದು ಎತ್ತರದ ಮರಕ್ಕೆ, ಇನ್ನೊಂದನ್ನು ಒದ್ದೆ ನೆಲಕ್ಕೆ. ಮರುದಿನ ಸಂಜೆ ಅರಂತೋಡಿನ ಅದೇ ಹೋಟೆಲಿಗೆ ಹೋಗಿ ಮಾಡಿ ನೋಡಿದೆ. ಸೂಂ ಎನ್ನುತ್ತಿದ್ದ ಟ್ರಾನ್ಸಿಸ್ಟರ್ ದಬಕ್ಕನೆ ಹಾಡಿತು! ನಾನು ಕೈ ತಟ್ಟಿದೆ. ಸುತ್ತುವುದು ತಾನೇ, ನನ್ನ ಕೆಲಸ.

ಮರುದಿನದಿಂದ ತಂತಿಯ ಉಂಡೆ ಚೀಲಕ್ಕೆ ಹಾಕಿ ಹೊರಟೆ. ಬೆಳಿಗ್ಗೆ ಬಸ್ಸು, ಆಮೇಲೆ ಕಾಲು. ಅರಂತೋಡು, ಕಲ್ಲುಗುಂಡಿ, ನಡುವಿನ ಅಂಗಡಿ, ಮನೆ ಯಾವುದನ್ನೂ ಬಿಡಲಿಲ್ಲ. ಹೋದಲ್ಲಿ ಮೊದಲ ಕಷ್ಟ, ಯಾರೂ ರೇಡಿಯೋ ಇದೆ ಎಂದೇ ಒಪ್ಪುತ್ತಿರಲಿಲ್ಲ. ಆಗ ರೇಡಿಯೋ ಇಟ್ಟುಕೊಳ್ಳಲಿಕ್ಕೂ ಪೋಸ್ಟಾಫೀಸಿನಲ್ಲಿ ಲೈಸನ್ಸ್ ಮಾಡಿಸಬೇಕಿತ್ತು. ದೊಡ್ಡ ರೇಡಿಯೋವನ್ನು ಅಡಗಿಸಲು ಆಗುವುದಿಲ್ಲ, ಹಾಗಾಗಿ ಮಾಡಿಸುತ್ತಿದ್ದರು. ಟ್ರಾನ್ಸಿಸ್ಟರನ್ನು ಅಕ್ಕಿ ಅಳೆಯುವ ಕಲಸೆಯೊಳಗೂ ಅಡಗಿಸಬಹುದು, ಹಾಗಾಗಿ ಮಾಡಿಸುತ್ತಿರಲಿಲ್ಲ. "ನಾನು ಪೋಸ್ಟಿನವಳಲ್ಲ" ಎಂದು ಹೇಳಿ, "ಸುಳ್ಯದಿಂದ ಮಾತಾಡುದು" ಎಂದರೆ ಹಳಬರು ದನಿ ಗುರುತು ಹಿಡಿದು ಒಳಗೆ ಕರೆಯುತ್ತಿದ್ದರು.

ಒಂದು ಸಂಜೆ ಕಲ್ಲುಗುಂಡಿಯ ಒಬ್ಬಳು ಮನೆಯಾಕೆ ನಾನು ಸುತ್ತುವುದನ್ನು ಸೊಂಟಕ್ಕೆ ಕೈ ಇಟ್ಟು ನೋಡಿದಳು. ಹಾಡು ಬಂದಾಗ ಖುಷಿಪಟ್ಟಳು. ಆಮೇಲೆ ಕೇಳಿದಳು:

"ಅಲ್ಲಕ್ಕಾ, ಇದನ್ನು ಇನ್ನು ಕೊಟ್ಟಿಗೆಗೆ ತೆಗೊಂಡು ಹೋಗ್ಲಿಕ್ಕೆ ಆಗುದಿಲ್ವಾ?"

"ತಂತಿ ಇದ್ದಲ್ಲಿಗೆ ಮಾತ್ರ."

"ಹಾಗಾದ್ರೆ ರೇಡಿಯೋಗೂ ಹಗ್ಗ ಕಟ್ಟಿ ಆಯ್ತು! ಹಾಲು ಕರೆಯುವಾಗ ಪಕ್ಕದಲ್ಲಿ ಹಾಡಲಿ ಅಂತ ಇವರು ತಂದದ್ದು. ನೀವು ಬಂದು ಎಮ್ಮೆಯ ಹಾಗೆ ಕಂಬಕ್ಕೆ ಕಟ್ಟಿದ್ರಿ!"

ಅವಳ ಗಂಡ ಒಳಗಿನಿಂದ, "ಎಮ್ಮೆಯಾದ್ರೆ ಹಾಲು ಕೊಡ್ತದೆ" ಎಂದ. ಇಬ್ಬರೂ ನಕ್ಕರು. ನಾನೂ ನಕ್ಕೆ, ಆದರೆ ಮಾತು ಚುಚ್ಚಿತು. ಎರಡು ದಿನ ಬಿಟ್ಟು ಅದೇ ದಾರಿಯಲ್ಲಿ ಹೋದಾಗ ನನ್ನ ತಂತಿಯಲ್ಲಿ ಬಟ್ಟೆ ಒಣಗಿಸಿದ್ದರು.

ಹತ್ತು ದಿನದಲ್ಲಿ ಮೂವತ್ತೊಂದು ಕಡೆ ತಂತಿ ಕಟ್ಟಿದೆ. ಇನ್ನು ಜನರನ್ನು ತೋರಿಸುವುದು ಹೇಗೆ? ಆ ಉಪಾಯ ನನ್ನದು, ಆಮೇಲೆ ಆದದ್ದಕ್ಕೂ ಹೊಣೆ ನನ್ನದೇ. ಸಾಹುಕಾರರ ಹತ್ತಿರ ಹೋಗಿ ಹೇಳಿದೆ: "ಸಂತೆ ದಿನ ನಮ್ಮ ಸ್ಟೇಷನ್ ಕೇಳುವವರ ತಲೆಯಲ್ಲಿ ಒಂದು ಗುರುತು ಇರ್ತದೆ. ಯಾವ ಗುರುತು ಅಂತ ರೇಡಿಯೋದಲ್ಲಿ ಮಾತ್ರ ಹೇಳುದು. ನೀವು ಕೇಳಿದರೆ ನಿಮಗೂ ಗೊತ್ತಾಗ್ತದೆ." ಅವರು ಒಪ್ಪಿದರು.

ಗುರುತು ಆರಿಸಲಿಕ್ಕೆ ಒಂದು ದಿನ ಹಿಡಿಯಿತು. ಮಾವಿನ ಎಲೆ ಆಗದು, ಮದುವೆ ಮನೆಗೆ ಕಟ್ಟುತ್ತಾರೆ. ಹಲಸಿನ ಎಲೆ ಆಗದು, ಕಡುಬು ಕಟ್ಟುತ್ತಾರೆ. ತುಳಸಿ, ದಾಸವಾಳ ಹೆಂಗಸರು ಹೇಗೂ ಮುಡಿಯುತ್ತಾರೆ. ಕೊನೆಗೆ ಪೇರಳೆ ಎಲೆ ಎಂದೆ, ಘಟ್ಟದ ಮೇಲೆ ಸೀಬೆ ಎನ್ನುತ್ತಾರಲ್ಲ, ಅದೇ. ಅದನ್ನು ಯಾವ ದೇವರಿಗೂ ಏರಿಸುವುದಿಲ್ಲ, ಯಾವ ಭೂತಕ್ಕೂ ಇಡುವುದಿಲ್ಲ, ಬುದ್ಧಿ ನೆಟ್ಟಗಿದ್ದ ಯಾರೂ ತಲೆಗೆ ಸಿಕ್ಕಿಸುವುದಿಲ್ಲ. ಸಿಕ್ಕಿಸಿದರೆ ನಮ್ಮನ್ನು ಕೇಳಿಯೇ ಸಿಕ್ಕಿಸಿರಬೇಕು. ಏಳು ಸಂಜೆ ಹೇಳಿದೆ: "ಸುಳ್ಯದಿಂದ ಮಾತಾಡುದು. ಒಲೆ ಮೇಲೆ ಇಟ್ಟದ್ದು ಇಳಿಸಿ ಬನ್ನಿ. ಬರುವ ಸಂತೆಗೆ ಒಂದು ಪೇರಳೆ ಎಲೆ ಸಿಕ್ಕಿಸಿ ಬನ್ನಿ. ಗಂಡಸರು ಮುಟ್ಟಾಳೆಗೆ, ಮುಂಡಾಸಿಗೆ, ಹೆಂಗಸರು ತುರುಬಿಗೆ. ತೊಟ್ಟು ಮೇಲೆ ಮಾಡಿ. ನೀವು ಬಂದರೆ ಸ್ಟೇಷನ್ ಉಳಿಯುತ್ತದೆ." ತೊಟ್ಟು ಮೇಲೆ ಎಂದದ್ದಕ್ಕೆ ದೊಡ್ಡ ಅರ್ಥವೇನಿಲ್ಲ. ದೂರಕ್ಕೆ ಕಾಣಲಿ ಎಂದು.

ಸಂತೆಯ ದಿನ ನಾನು ಬೆಳಕು ಹರಿಯುವಾಗಲೇ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಮೊದಲ ಬಸ್ಸಿನಿಂದ ಅಡಿಕೆ ಹಾಳೆಯ ಮುಟ್ಟಾಳೆ ಹಾಕಿದ ಒಬ್ಬ ಇಳಿದ. ಮುಟ್ಟಾಳೆಯ ಬದಿಯಲ್ಲಿ ಒಂದು ಪೇರಳೆ ಎಲೆ, ತೊಟ್ಟು ಮೇಲೆ! ನನಗೆ ಬೊಬ್ಬೆ ಹಾಕಬೇಕೆನಿಸಿತು. ಎರಡನೆಯ ಬಸ್ಸಿನಿಂದ ಮೂರು. ಎಂಟು ಗಂಟೆಗೆ ಹದಿನಾಲ್ಕು. ಮೇಸ್ತ್ರಿ ಅಂಗಡಿ ತೆರೆದೇ ಬಿಟ್ಟು ಓಡಿ ಬಂದರು. ಒಂಬತ್ತಕ್ಕೆ ನಾನು ಎಣಿಸುವುದನ್ನು ಬಿಡಬೇಕಾಯಿತು, ಎಲ್ಲಿ ನೋಡಿದರೂ ಎಲೆ. ಒಣಮೀನು ಮಾರುವವರ ತಲೆಯಲ್ಲಿ ಎಲೆ, ಬೆಲ್ಲ ಕೊಳ್ಳುವವರ ತಲೆಯಲ್ಲಿ ಎಲೆ, ಹೊತ್ತು ತಂದ ಕೋಳಿಗೂಡಿನ ಮೇಲೂ ಎಲೆ.

"ಇನ್ನೂರು ಉಂಟು! ಮುನ್ನೂರು ಉಂಟು!" ಮೇಸ್ತ್ರಿ ನೆಲದ ಮೇಲೆ ನಿಲ್ಲುತ್ತಿರಲಿಲ್ಲ. "ಹೇಳಿದ್ನಲ್ಲಾ ಮಾರಾಯ್ತಿ, ಊರೇ ನಮ್ಮನ್ನು ಕೇಳ್ತದೆ!"

ಖುಷಿಯಲ್ಲಿ ನಾನು ಒಬ್ಬ ಮುದುಕರ ಕೈ ಹಿಡಿದು ಕೇಳಿದೆ, "ಅಜ್ಜ, ಎಲೆ ಎಂತಕ್ಕೆ?"

"ಜ್ವರಕ್ಕೆ ಮಗಾ. ಒಂದು ಕೆಟ್ಟ ಜ್ವರ ಬರ್ತಾ ಉಂಟಂತಲ್ಲ? ಇದು ಇದ್ದರೆ ಹತ್ತಿರ ಬರುದಿಲ್ಲಂತೆ."

ಅಜ್ಜನ ಕೈ ಬಿಟ್ಟೆ. ಪಕ್ಕದ ಹೆಂಗಸನ್ನು ಕೇಳಿದೆ. "ಸರಕಾರದ್ದು ಆರ್ಡರಂತೆ" ಎಂದಳು. ಇನ್ನೊಬ್ಬ, "ದನದ ಕಾಲುಬಾಯಿ ರೋಗಕ್ಕೆ" ಎಂದ. ಇನ್ನೊಬ್ಬನಿಗೆ ಕಾರಣವೇ ಬೇಕಿರಲಿಲ್ಲ. "ಎಲ್ಲರೂ ಸಿಕ್ಕಿಸಿದ್ದಾರೆ, ನನಗೊಬ್ಬನಿಗೆ ಎಂತಕ್ಕೆ ಬೇಡ?" ಎಂದು ನನ್ನನ್ನೇ ಕೇಳಿದ. ಅಷ್ಟರಲ್ಲಿ ಅರಂತೋಡಿನ ಹೋಟೆಲಿನವರು ಸಿಕ್ಕಿದರು. ಅವರ ಟ್ರಾನ್ಸಿಸ್ಟರಿಗೆ ತಂತಿ ಸುತ್ತಿದವಳು ನಾನೇ. ಹತ್ತಿರ ಹೋಗಿ, "ರೇಡಿಯೋದಲ್ಲಿ ಕೇಳಿ ಸಿಕ್ಕಿಸಿದ್ದು ತಾನೇ?" ಎಂದರೆ ಅವರ ಮುಖ ಬೂದಿಯಾಯಿತು.

"ಶ್! ಮೆಲ್ಲ ಮಾತಾಡು ಮಾರಾಯ್ತಿ! ಪೊಲೀಸು ಅಲ್ಲೇ ನಿಂತಿದ್ದಾನೆ. ನನಗೆ ರೇಡಿಯೋ ಇಲ್ಲ."

"ಮತ್ತೆ ಎಲೆ?"

"ಬಸ್ಸಿನಲ್ಲಿ ಎಲ್ಲರೂ ಎಂತಕ್ಕೆ ಎಂತಕ್ಕೆ ಅಂತ ಕೇಳಿದ್ರು. ರೇಡಿಯೋದಲ್ಲಿ ಹೇಳಿದ್ದು ಅಂದರೆ ಲೈಸನ್ಸ್ ಎಲ್ಲಿ ಅಂತ ಕೇಳುದಿಲ್ವಾ? ಜ್ವರಕ್ಕೆ ಅಂದೆ."

ಆಯಿತಲ್ಲ! ಕೇಳಿದವರು ಕೇಳಿದ್ದೇವೆ ಎನ್ನಲು ಹೆದರಿ ಒಬ್ಬೊಬ್ಬರು ಒಂದೊಂದು ರೋಗ ಹೇಳಿದ್ದಾರೆ. ಕೇಳದವರು ರೋಗಕ್ಕೆ ಹೆದರಿ ಎಲೆ ಸಿಕ್ಕಿಸಿದ್ದಾರೆ. ಇನ್ನು ಯಾರನ್ನು ಕೇಳಿದರೂ ನಿಜ ಸಿಗದು. ಕೇಳಿದವನು ಇಲ್ಲ ಎನ್ನುತ್ತಾನೆ, ಕೇಳದವನೂ ಇಲ್ಲ ಎನ್ನುತ್ತಾನೆ.

ಸ್ವಲ್ಪ ಹೊತ್ತು ಬೆಲ್ಲದ ಗಾಡಿಗೆ ಒರಗಿ ನಿಂತೆ. ಆಮೇಲೆ ಹೊಳೆಯಿತು. ಬಾಯಿ ಸುಳ್ಳು ಹೇಳಬಹುದು, ಕತ್ತು ಸುಳ್ಳು ಹೇಳುವುದಿಲ್ಲ. ಸಂತೆಯ ಒಂದು ತುದಿಯಿಂದ ನಡೆಯಲು ಶುರು ಮಾಡಿದೆ. ಎಲೆ ಇದ್ದ ಒಬ್ಬೊಬ್ಬರ ಬೆನ್ನ ಹಿಂದೆ ಹೋಗಿ ನಿಂತು, ಬೊಬ್ಬೆಯಲ್ಲ, ಮೈಕಿನ ಮುಂದೆ ಹೇಳುವಷ್ಟೇ ದನಿಯಲ್ಲಿ ಹೇಳಿದೆ, "ಸುಳ್ಯದಿಂದ ಮಾತಾಡುದು. ಒಲೆ ಮೇಲೆ ಇಟ್ಟದ್ದು ಇಳಿಸಿ ಬನ್ನಿ." ಕೇಳದವರು ದಾರಿ ಬೇಕೇನೋ ಎಂದು ಪಕ್ಕಕ್ಕೆ ಸರಿದರು. ಹುಚ್ಚಿ ಎಂದು ನೋಡಿದವರೂ ಇದ್ದರು. ಆದರೆ ದನಿಯ ಪರಿಚಯ ಇದ್ದವರು ಯಾರೋ ಹೆಸರು ಹಿಡಿದು ಕರೆದ ಹಾಗೆ ಗಕ್ಕನೆ ತಿರುಗಿದರು! ಒಂದು ಬೆರಳು ಮಡಚಿದೆ. ಎರಡು. ಮೂರು. ಬಟ್ಟೆಯ ಸಾಲು, ಮೀನಿನ ಸಾಲು, ಮಡಿಕೆಯ ಸಾಲು, ಎಲ್ಲ ಮುಗಿಸಿ ಇನ್ನೊಂದು ಸಲ ಸುತ್ತಿದೆ. ಎಲೆ ಇಲ್ಲದ ಪೊಲೀಸಿನವರ ಬೆನ್ನ ಹಿಂದೆಯೂ ನಿಂತು ಹೇಳಿದೆ. ಗಕ್ಕನೆ ತಿರುಗಿದರು, ಮುಖ ಅರಳಿತು. ಕೂಡಲೇ ಗಂಟು ಹಾಕಿಕೊಂಡು, "ಏ, ದಾರಿ ಬಿಡು, ದಾರಿ ಬಿಡು" ಎಂದರು.

ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಮುಗಿಯಿತು. ಹತ್ತೊಂಬತ್ತು. ಅದರಲ್ಲಿ ಹದಿನೇಳು ಜನ ನಾನೇ ಮನೆಗೆ ಹೋಗಿ ತಂತಿ ಕಟ್ಟಿದವರು. ನನ್ನ ಮುಖ ನೋಡದೆ ದನಿ ಮಾತ್ರ ಗೊತ್ತಿದ್ದವರು ಇಬ್ಬರು, ಆ ಪೊಲೀಸು ಮತ್ತು ಪೆರಾಬೆಯಿಂದ ಹೋರಿ ಕೊಳ್ಳಲು ಬಂದಿದ್ದ ಒಬ್ಬರು. ಅವರಿಬ್ಬರನ್ನು ಬಿಟ್ಟರೆ ನಾನು ನಡೆದಷ್ಟು ದೂರ ನಮ್ಮ ಸ್ಟೇಷನ್. ಅದಕ್ಕಿಂತ ಮುಂದೆ ಅದು ಹೋಗುತ್ತಿರಲಿಲ್ಲ.

ಮೇಸ್ತ್ರಿಗೆ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು. "ಬಾಯಿಗೆ ಬೀಗ ಹಾಕು ಮಾರಾಯ್ತಿ. ಸಾಹುಕಾರ್ರು ಎಲೆ ಲೆಕ್ಕ ಮಾಡ್ತಾರೆ, ಕಿವಿ ಲೆಕ್ಕ ಮಾಡುದಿಲ್ಲ. ನಿನಗೆ ಬೀಡಿಗೆ ಹೋಗ್ಬೇಕಾ?"

ಬೇಡ. ನನಗೆ ಬೀಡಿಗೆ ಹೋಗಬೇಕೆಂದು ಇರಲಿಲ್ಲ. ಸಾಹುಕಾರರ ಅಂಗಡಿಯ ಮೆಟ್ಟಿಲು ಹತ್ತುವವರೆಗೂ ಸುಮ್ಮನಿರುವುದೆಂದೇ ನಿಶ್ಚಯ ಮಾಡಿದ್ದೆ. ಸಾಹುಕಾರರು ಜಗಲಿ ಬೆಂಚಿನಲ್ಲಿ ಕೂತಿದ್ದರು.

"ಗುರುತು ಎಂತ ಮೇಸ್ತ್ರಿಗಳೇ? ಹೇಳಿ, ನೋಡುವ."

"ಪೇರಳೆ ಎಲೆ ಸಾಹುಕಾರ್ರೇ! ತಲೆಯಲ್ಲಿ ಪೇರಳೆ ಎಲೆ! ನೋಡಿ, ಸಂತೆ ನೋಡಿ!"

ಸಾಹುಕಾರರು ಎದ್ದು ನಿಂತು ನೋಡಿದರು. ಬಾಯಿ ತೆರೆದೇ ಇತ್ತು. "ಯಾ ಅಲ್ಲಾ! ಇಷ್ಟು ಜನವಾ!" ಎಂದರು. ಒಳಗೆ ತಿರುಗಿ, "ಗಾಣದವನಿಗೆ ಬೇಡ ಅಂತ ಹೇಳಿ!" ಎಂದು ಕೂಗಿದರು.

ಅವರು ತಿರುಗಿದಾಗ ನಾನು ಕಂಡೆ. ಅವರ ಬಿಳಿ ಮುಂಡಾಸಿನ ಮಡಿಕೆಯಲ್ಲಿ ಒಂದು ಪೇರಳೆ ಎಲೆ. ತೊಟ್ಟು ಮೇಲೆ.

ಗುರುತು ಯಾವುದೆಂದು ಈಗಷ್ಟೇ ಕೇಳಿದ ಮನುಷ್ಯ! ಎಂಜಿನ್ ಕೊಡುವವರೇ ನಮ್ಮನ್ನು ಕೇಳುವುದಿಲ್ಲ. ಆ ಎಲೆಯನ್ನು ಎಣಿಕೆಯಲ್ಲಿ ಬಿಡುವುದೆಂದರೆ ಎಂಬತ್ತು ಸುತ್ತು ಸುತ್ತಿ ಎಂಬತ್ತೆಂಟು ಎಂದು ಬರೆದ ಹಾಗೆ. ಈವತ್ತಿಗೆ ನಡೆದೀತು, ಪೆಟ್ಟಿಗೆ ಹಾಕಿದ ಮೇಲೆ ಗೊತ್ತಾಗುತ್ತದೆ. ನನ್ನ ಬಾಯಿ ತಾನಾಗಿ ತೆರೆಯಿತು.

"ಸಾಹುಕಾರ್ರೇ, ನಿಮ್ಮ ಮುಂಡಾಸಿನಲ್ಲಿ ಎಂತ ಉಂಟು?"

ಅವರು ತಡಕಿ ಎಲೆ ತೆಗೆದು ನೋಡಿದರು. "ಇದಾ? ಬೆಳಿಗ್ಗೆ ಮನೆಯವಳು ಸಿಕ್ಕಿಸಿದ್ದು. ಎಂತದೋ ಜ್ವರ ಬರುದಿಲ್ಲ ಅಂತೆ."

"ನೀವು ಈ ವಾರ ನಮ್ಮ ಸ್ಟೇಷನ್ ಕೇಳಿದ್ರಾ?"

"ನನಗೆಲ್ಲಿ ಪುರುಸೊತ್ತು ಮಾರಾಯ್ತಿ!"

"ಸಂತೆಯಲ್ಲಿ ಇರುದೂ ಎಲ್ಲ ನಿಮ್ಮ ಹಾಗಿನ ಎಲೆಯೇ. ಕೇಳಿದವರು ಹತ್ತೊಂಬತ್ತು. ನಾನು ಎಣಿಸಿ ಬಂದದ್ದು."

ಮೇಸ್ತ್ರಿ ಬೆಂಚಿನ ಮೇಲೆ ಕುಸಿದು ಕೂತರು. ಸಾಹುಕಾರರು ಎಲೆಯನ್ನು ನೋಡಿದರು, ಸಂತೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ನಗಲು ಶುರು ಮಾಡಿದವರು ಕೆಮ್ಮು ಬರುವವರೆಗೆ ನಕ್ಕರು. "ನನ್ನ ತಲೆಗೇ ಸಿಕ್ಕಿಸಿದ್ರಲ್ಲಾ!" ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಆದರೆ ಗಾಣ ಗಾಣವೇ" ಎಂದರು. ಮಾತಿಗೆ ತಪ್ಪಲಿಲ್ಲ. ಶನಿವಾರದವರೆಗೆ ಮಾತ್ರ ಬೆಲ್ಟು ಕೊಟ್ಟರು.

ಮೇಸ್ತ್ರಿ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ತಾವಾಗಿಯೇ, "ಆ ಇಬ್ಬರು ಯಾರು?" ಎಂದು ಕೇಳಿದರು. ಪೊಲೀಸು ಮತ್ತು ಪೆರಾಬೆಯವರು ಎಂದೆ. "ಪೆರಾಬೆಗೆ ಮುಟ್ಟುತ್ತಿತ್ತಲ್ಲಾ" ಎಂದರು. ಅಷ್ಟಕ್ಕೇ ಅವರ ಸಿಟ್ಟು ಇಳಿಯಿತು.

ಶನಿವಾರ ಸಂಜೆ ಧಾರಣೆ ಹೇಳಿದೆ, ಬಸ್ಸು ಹೇಳಿದೆ, ನಾಲ್ಕು ಹಾಡು ಹಾಕಿದೆವು. ಏಳು ಗಂಟೆಗೆ, "ಸುಳ್ಯದಿಂದ ಮಾತಾಡಿದ್ದು. ನಾಳೆಯಿಂದ ಇಲ್ಲ. ಒಲೆ ಮೇಲೆ ಇಟ್ಟದ್ದು ನೋಡಿಕೊಳ್ಳಿ" ಎಂದೆ. ಮೇಸ್ತ್ರಿ ಸ್ವಿಚ್ಚು ಒತ್ತಿದರು, ವಾಲ್ವು ತಣ್ಣಗಾಯಿತು. ಅಳುವಂಥದ್ದೇನೂ ಇರಲಿಲ್ಲ. ಅಂಗಡಿ ಹಿಂದಿನ ಗುಂಡಿಗೆ ನೀರು ಹೊಯ್ಯುವ ಕೆಲಸ ಒಂದು ತಪ್ಪಿತು.

ಬೀಡಿಗೆ ನಾನು ಹೋಗಲಿಲ್ಲ. ಹದಿನೈದು ದಿನ ಮನೆಯಲ್ಲಿದ್ದೆ. ಅಷ್ಟರಲ್ಲಿ ಪುತ್ತೂರಿನ ಕಡೆಯಿಂದ ಯಾರೋ ಸುಟ್ಟುಹೋದ ನೀರಿನ ಪಂಪಿನ ಮೋಟಾರನ್ನು ಹೊತ್ತು ಮೇಸ್ತ್ರಿಯಲ್ಲಿಗೆ ತಂದರು. ಕರೆಂಟು ಬಂದ ಊರುಗಳಲ್ಲಿ ಆಗ ಪಂಪು ಶುರುವಾಗಿತ್ತು, ಸುಡುವುದೂ ಶುರುವಾಗಿತ್ತು. ಒಳಗೆಲ್ಲ ತಾಮ್ರದ ಸುರುಳಿ. ಮೇಸ್ತ್ರಿ ನನ್ನನ್ನು ಕರೆಯಲು ಜನ ಕಳುಹಿಸಿದರು. ಹೋಗಿ ಕೂತೆ, ಹಳೆಯ ಸುತ್ತು ಬಿಚ್ಚಿ ಎಣಿಸಿದೆ, ಅಷ್ಟೇ ಸುತ್ತು ಹೊಸದು ಹಾಕಿದೆ. ತಿರುಗಿತು. ಮುಂದೆ ಮಗಳ ಮದುವೆಯಾಗುವವರೆಗೂ ಅದೇ ಕೆಲಸ.

ಒಂದು ವರ್ಷ ಕಳೆದಿರಬೇಕು. ಸಂತೆಯಲ್ಲಿ ಒಣಮೆಣಸು ಆರಿಸುತ್ತಿದ್ದಾಗ ನನ್ನ ಪ್ರಾಯದ್ದೇ ಒಬ್ಬ ಹೆಂಗಸು ನನ್ನ ತುರುಬನ್ನು ನೋಡಿ ಗದರಿದಳು.

"ಎಂತ ಮಾರಾಯ್ತಿ, ಎಲೆ ಇಲ್ಲದೆ ಸಂತೆಗೆ ಬಂದದ್ದಾ? ಮನೆಯಲ್ಲಿ ಮಕ್ಕಳು ಇಲ್ವಾ?"

"ಯಾರು ಹೇಳಿದ್ದು ಎಲೆ ಸಿಕ್ಕಿಸಬೇಕು ಅಂತ?"

"ಯಾರು ಹೇಳುದು? ಹಿಂದಿನಿಂದ ಬಂದದ್ದು" ಎಂದಳು. ತನ್ನ ಬುಟ್ಟಿಯಿಂದ ಒಂದು ಎಲೆ ತೆಗೆದು, ಕೇಳದೆ ಮಾಡದೆ ನನ್ನ ತುರುಬಿಗೆ ಸಿಕ್ಕಿಸಿ ಹೋದಳು.

ಜ್ವರ ಬರುವುದಿಲ್ಲ ಎಂದು ನಾನು ಹೇಳಿದ್ದಲ್ಲ. ದನಕ್ಕೆ ಒಳ್ಳೆಯದೆಂದೂ ನಾನು ಹೇಳಿದ್ದಲ್ಲ. ನಾನು ಹೇಳಿದ್ದು ಒಂದೇ ಮಾತು. ಕೈ ಹಿಂದೆ ಹಾಕಿ ಮುಟ್ಟಿ ನೋಡಿದೆ. ತೊಟ್ಟು ಮೇಲೆಯೇ ಇತ್ತು.